ಮಾದಪ್ಪನಿಲ್ಲದ ಊರಿಗೆ

ಕೊಳ್ಳೇಗಾಲ

ಶ್ರೀಲಂಕಾದ ಕ್ಯಾಂಡಿಯಲ್ಲಿ ಒಂದು ಚಿಕ್ಕ ವಿಚಾರಗೋಷ್ಠಿ ಇದೆ, ಬನ್ನಿ ಎಂದು ಕರೆ ಬಂದಾಗ ನಾನು ನಿವೃತ್ತನಾಗಿ ಮನೆಯಲ್ಲಿದ್ದೆ. ಕೊಳ್ಳೇಗಾಲದ ಕಾಲೇಜಿನಲ್ಲಿ ತರ್ಕಶಾಸ್ತ್ರ, ತತ್ವಶಾಸ್ತ್ರ ಪಾಠ ಮಾಡಿದವನು ನಾನು. ಗೋಷ್ಠಿಯ ವಿಷಯ ವಿಚಾರ ಮತ್ತು ಶ್ರದ್ಧೆ. ನನ್ನ ಮಟ್ಟಿಗೆ ಆ ಎರಡರ ವ್ಯಾಜ್ಯ ಎಂದೋ ಇತ್ಯರ್ಥವಾಗಿತ್ತು. ಯಳಂದೂರಿನ ನಮ್ಮ ಮನೆಯಲ್ಲಿ ಹಣೆಗೆ ವಿಭೂತಿ ಇಲ್ಲದೆ ಊಟಕ್ಕೆ ಕೂರುತ್ತಿದ್ದವನು ನಾನೊಬ್ಬನೇ. ಅಪ್ಪ ಮೊದಮೊದಲು ಬೈದರು, ಆಮೇಲೆ ಇವನಿಗೆ ಓದು ಜಾಸ್ತಿಯಾಯಿತು ಎಂದು ಸುಮ್ಮನಾದರು.

ಮನೆಯ ಭಕ್ತಿಯೆಲ್ಲ ಅಕ್ಕ ಮಾದೇವಮ್ಮನ ಪಾಲಿಗೆ ಬಂದಿತ್ತು. ಲೊಕ್ಕನಹಳ್ಳಿಗೆ ಮದುವೆಯಾಗಿ ಹೋದವಳು ಪ್ರತಿ ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ, ತನ್ನ ಮಾದಪ್ಪನ ಹತ್ತಿರ, ನಡೆದೇ ಹೋಗುತ್ತಿದ್ದಳು. ಕಾಲು ಬೊಬ್ಬೆ ಬಂದರೂ ಮುಖದಲ್ಲಿ ನಗು. ಹೋದ ವರ್ಷ ಭಾವ ತೀರಿಕೊಂಡರು. ಬೆಳಗಾಗುತ್ತಲೇ ಜೋಳದ ಹೊಲ ನೋಡಿಬರಲು ಹೋದವರಿಗೆ ರಾತ್ರಿ ಹೊಲಕ್ಕೆ ನುಗ್ಗಿದ್ದ ಆನೆ ಇನ್ನೂ ಕಾಡಿಗೆ ಮರಳಿಲ್ಲ ಎಂಬುದು ತಿಳಿಯಲಿಲ್ಲ. ತಿಥಿಯ ಕೆಲಸಗಳೆಲ್ಲ ಮುಗಿದ ಮೇಲೆ ಅಕ್ಕ ಹನೂರಿನಲ್ಲಿರುವ ಮಗಳು ಶೋಭಾಳ ಮನೆಗೆ ಬಂದಳು. ಅಲ್ಲಿ ದೇವರ ಗೂಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸೋಮವಾರದ ಉಪವಾಸ ನಿಂತಿತು. ಯಾರಾದರೂ ಬೆಟ್ಟದ ಪ್ರಸಾದ ತಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ನಾನು ಲಂಕೆಗೆ ಹೋಗುವ ಸುದ್ದಿ ಕೇಳಿ ಅವಳೇ ಫೋನ್ ಮಾಡಿದಳು.

"ನಂಗೂ ಒಂದು ಟಿಕೀಟು ತಕ್ಕೊ ರುದ್ರ. ಮಾದಪ್ಪ ಇಲ್ದಿರೋ ಊರ್ನ ಒಂದ್ಸಲ ನೋಡ್ಬೇಕು."

ಅವಳ ನಂಬಿಕೆ ಮುರಿದುಬಿದ್ದಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಪಾಪ ಅನ್ನಿಸಿತು. ಕೊನೆಗೂ ನನ್ನ ದಾರಿಗೆ ಒಬ್ಬರು ಬಂದರು ಎಂಬ ಸಣ್ಣ ಸಮಾಧಾನವೂ ಆಯಿತು.

ಕೊಲಂಬೊ

ವಿಮಾನದಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು, ಮೋಡ ಬಂದಾಗಲೆಲ್ಲ ಸೆರಗು ಹೊದ್ದುಕೊಂಡಳು. ಇಳಿದ ಮೇಲೆ ಮೊದಲ ತೊಂದರೆ ಅವಳ ಬ್ಯಾಗಿನಿಂದ. ಯಂತ್ರದೊಳಗಿಂದ ಹೊರಬಂದ ಬ್ಯಾಗನ್ನು ಒಬ್ಬ ಅಧಿಕಾರಿ ಪಕ್ಕಕ್ಕೆ ಎಳೆದು ತೆರೆಸಿದ. ಒಳಗೆ ಪ್ಲಾಸ್ಟಿಕ್ ಕವರಿನ ತುಂಬ ಕಂದು ಬಣ್ಣದ ಹಿಟ್ಟು. ಏನಿದು ಎಂದು ಇಂಗ್ಲಿಷಿನಲ್ಲಿ ಕೇಳಿದ. ರಾಗಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಆ ಗಳಿಗೆಗೆ ನನಗೆ ಹೊಳೆಯಲೇ ಇಲ್ಲ. ಅವನ ಮುಖ ಬಿಗಿಯಾಗುತ್ತಿತ್ತು. ಅಕ್ಕ ಒಂದು ಚಿಟಿಕೆ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆ ಅವನ ಕಡೆ ಚಾಚಿದಳು. ಅವನು ಮೂಸಿ ನೋಡಿದ. ಮುಖ ಸಡಿಲಾಯಿತು.

"ಕುರಕ್ಕನ್," ಎಂದ.

ಅವರ ಭಾಷೆಯಲ್ಲಿ ರಾಗಿಗೆ ಅದೇ ಹೆಸರಂತೆ. ತನ್ನ ಅಜ್ಜಿ ಮಾಡುತ್ತಿದ್ದಳು ಎಂದು ಮುದ್ದೆ ಕಟ್ಟುವ ಹಾಗೆ ಕೈ ಆಡಿಸಿ ತೋರಿಸಿದ. ಹೊರಗೆ ಬಂದಾಗ ಅಕ್ಕ, "ಇವರೂ ನಮ್ಮಂಗೇ ಉಣ್ಣೋ ಜನ ಕಣ್ಲಾ. ಸುಮ್ನೆ ಎದ್ರುಕೊಂಡಿದ್ದೆ," ಎಂದಳು.

ಆ ಸಮಾಧಾನ ಬೆಳಗಿನ ತಿಂಡಿಯವರೆಗೆ ಉಳಿಯಿತು. ಹೋಟೆಲಿನಲ್ಲಿ ಒತ್ತುಶಾವಿಗೆಯಂಥದ್ದು, ಜೊತೆಗೆ ಕೆಂಪು ಕಾಯಿಚಟ್ನಿ. ಅಕ್ಕ ಎರಡು ತುತ್ತು ತಿಂದವಳು ನಿಲ್ಲಿಸಿ ಚಟ್ನಿಯನ್ನು ಬೆರಳಲ್ಲಿ ಕೆದಕಿದಳು. ಬಡಿಸುವವನಿಗೆ ತಮಿಳು ಬರುತ್ತಿತ್ತು. ಇದರೊಳಗೆ ಏನು ಹಾಕಿದ್ದೀರಿ ಎಂದು ಅಕ್ಕ ಕೇಳಿದಾಗ, ಸ್ವಲ್ಪ ಒಣಮೀನಿನ ಪುಡಿ, ಅದಿಲ್ಲದೆ ರುಚಿ ಎಲ್ಲಿಂದ ಬರಬೇಕು ಎಂದ. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಅಕ್ಕ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ಕೂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ಗಾಬರಿ ಇತ್ತು. ನಂಬಿಕೆ ಬಿಟ್ಟವಳಿಗೆ ಮೀನಿನ ಪುಡಿಗೆ ಇಷ್ಟು ಗಾಬರಿ ಯಾಕೆ ಎಂದು ನಾನು ಯೋಚಿಸಬೇಕಿತ್ತು. ಅಭ್ಯಾಸಬಲ ಅಂದುಕೊಂಡೆ.

ಕ್ಯಾಂಡಿ

ಕ್ಯಾಂಡಿ ಬೆಟ್ಟಗಳ ನಡುವಿನ ಊರು, ಮಧ್ಯೆ ಕೆರೆ. ಅದರ ದಡದಲ್ಲಿ ಬುದ್ಧನ ಹಲ್ಲನ್ನು ಇಟ್ಟಿರುವ ಗುಡಿ. ಬಿಳಿ ಬಟ್ಟೆ ತೊಟ್ಟ ಜನ ಹೂವಿನ ತಟ್ಟೆ ಹಿಡಿದು ಸದ್ದಿಲ್ಲದೆ ಒಳಗೆ ಹೋಗುತ್ತಾರೆ. ನೂಕಾಟವಿಲ್ಲ, ಗಂಟೆಯಿಲ್ಲ, ಮೈಕಿಲ್ಲ. ನಮ್ಮ ಬೆಟ್ಟದಲ್ಲಿ ಉಘೇ ಎನ್ನುವ ಕೂಗಿಗೆ ಎದುರು ನಿಂತವರ ಮಾತೂ ಕೇಳಿಸುವುದಿಲ್ಲ. ಅಕ್ಕ ಗುಡಿಗೆ ಬರಲಿಲ್ಲ. ಕೆರೆಯ ಕಟ್ಟೆಯ ಮೇಲೆ ಗುಡಿಗೆ ಬೆನ್ನು ಹಾಕಿ ಕೂತು, ನೀರಿನೊಳಗಿನ ಮೀನುಗಳನ್ನು ನೋಡುತ್ತಿದ್ದಳು.

ಗೋಷ್ಠಿಗೆ ನನ್ನನ್ನು ಕರೆಸಿದವರು ನಿಮಲ್ ಎಂಬ ಅಧ್ಯಾಪಕರು. ತೆಳ್ಳಗೆ, ಮೆಲುದನಿಯ ಮನುಷ್ಯ. ಬೌದ್ಧ ತರ್ಕದಲ್ಲಿ ಪಳಗಿದವರು. ಕಂಡದ್ದರಿಂದ ಕಾಣದ್ದನ್ನು ಊಹಿಸುವ ಅನುಮಾನಪ್ರಮಾಣದ ಮೇಲಿನ ನನ್ನ ಪ್ರಬಂಧಕ್ಕೆ ಅವರು ಎತ್ತಿದ ಆಕ್ಷೇಪಗಳಿಗೆ ಉತ್ತರಿಸುವಷ್ಟರಲ್ಲಿ ನಾನು ಬೆವೆತಿದ್ದೆ. ಸಂಜೆ ಅಕ್ಕನೊಡನೆ ಅವರ ಮನೆಯಲ್ಲಿ ಚಹಾ ಕುಡಿಯುವಾಗ ಗೋಡೆಯ ಮೇಲೆ ಬುದ್ಧನ ಪಕ್ಕದಲ್ಲೇ ನವಿಲಿನ ಮೇಲೆ ಕೂತ ದೇವರ ಪಟ ಕಂಡಿತು. ಇದು ಯಾರಿಗಾಗಿ ಎಂದೆ. ನನಗೇ, ಎಂದರು. ಇದು ಕತರಗಾಮದ ದೇವರು, ಮಗಳ ಪರೀಕ್ಷೆ, ಹೆಂಡತಿಯ ಆಪರೇಷನ್, ಎಲ್ಲಕ್ಕೂ ಅಲ್ಲಿಗೆ ಹೋಗಿಬಂದಿದ್ದೇನೆ ಎಂದು ಸಂಕೋಚವಿಲ್ಲದೆ ಹೇಳಿದರು.

"ಹಾಗಾದರೆ ಬುದ್ಧ?"

"ಬುದ್ಧ ಏನನ್ನೂ ಕೊಡುವುದಿಲ್ಲ. ಕಷ್ಟಕ್ಕೆ ದೇವರು. ಬುದ್ಧನ ಮುಂದೆ ಸುಮ್ಮನೆ ಕೂತು ಬರಬಹುದು."

ಇಷ್ಟು ಸೂಕ್ಷ್ಮ ತರ್ಕದ ಮನುಷ್ಯ ಹೀಗೆ ಎರಡು ಖಾನೆ ಮಾಡಿಕೊಂಡು ಬದುಕುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಪಟವನ್ನು ನೋಡಲಿಲ್ಲ. ನಿಮಲ್ ಅವರ ಹೆಂಡತಿ ಈಗ ಹೇಗಿದ್ದಾರೆ ಎಂದು ಮಾತ್ರ ಕೇಳಿದಳು. ಚೆನ್ನಾಗಿದ್ದಾರೆ, ಈ ಚಹಾ ಮಾಡಿದ್ದು ಅವರೇ ಎಂದಾಗ ತಲೆ ತಗ್ಗಿಸಿ ಲೋಟದೊಳಗೆ ನೋಡುತ್ತ ಕೂತಳು.

ತಿಸ್ಸಮಹಾರಾಮ

ಗೋಷ್ಠಿ ಮುಗಿದ ಮೇಲೆ ಅಕ್ಕ ಸಮುದ್ರ ನೋಡಬೇಕೆಂದಳು. ಅವಳು ಸಮುದ್ರವನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ದಕ್ಷಿಣದಲ್ಲಿ ತಿಸ್ಸಮಹಾರಾಮ ಎಂಬ ಊರಿದೆ, ಅಲ್ಲಿ ತಂಗಿದರೆ ಕಿರಿಂದ ಎಂಬ ಕಡಲತೀರ ಹತ್ತಿರ ಎಂದು ನಿಮಲ್ ಹೇಳಿದರು. ಹೋದೆವು. ತಿಸ್ಸದ ಸುತ್ತ ದೊಡ್ಡ ಕೆರೆ, ಗದ್ದೆ, ಗದ್ದೆಯ ಬದುವಿನಲ್ಲಿ ಬೆಳ್ಳಕ್ಕಿ. ಬೇಲಿಯಂತೂ ನಮ್ಮ ಹನೂರಿನ ಕಡೆಯ ಹಾಗೇ, ಆನೆ ತಡೆಯುವ ವಿದ್ಯುತ್ ತಂತಿ. ಅದನ್ನು ಕಂಡು ಅಕ್ಕ ಮುಖ ತಿರುಗಿಸಿದಳು.

ಇಲ್ಲಿಯ ಎಮ್ಮೆಮೊಸರು ಮಾತ್ರ ಅವಳಿಗೆ ಹಿಡಿಸಿತು. ಮಣ್ಣಿನ ಕುಡಿಕೆಯಲ್ಲಿ ಕತ್ತರಿಸುವಷ್ಟು ಗಟ್ಟಿ ಮೊಸರು, ಮೇಲೆ ಬಗನಿ ಮರದ ಬೆಲ್ಲದ ಪಾಕ. ಅಕ್ಕ ಪಾಕ ಬೇಡವೆಂದು ಅದಕ್ಕೆ ಉಪ್ಪು ಕೇಳಿದಳು. ಅಂಗಡಿಯ ಹೆಂಗಸು ಉಪ್ಪು ಕೊಟ್ಟು, ಅವಳು ತಿನ್ನುವುದನ್ನು ನೋಡಲು ಪಕ್ಕದ ಅಂಗಡಿಯವಳನ್ನೂ ಕರೆದಳು.

ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಂಡಕ್ಟರನಿಗೆ ಕಿರಿಂದ ಎಂದೆ. ಅವನು ತಲೆಯನ್ನು ಆಚೆ ಈಚೆ ಆಡಿಸಿದ. ನಮ್ಮಲ್ಲೂ ಹಾಗೆ ತಲೆ ಆಡಿಸಿದರೆ ಹೂಂ ಎಂದೇ ಅಲ್ಲವೇ, ಹತ್ತಿ ಕೂತೆವು. ಬಸ್ಸಿನ ಗದ್ದಲದಲ್ಲಿ ಅವನಿಗೆ ಏನು ಕೇಳಿಸಿತೋ. ಬಸ್ ಹೊರಟ ಮೇಲೆ ಗಮನಿಸಿದರೆ ಸುತ್ತ ಕೂತವರ ತೊಡೆಯ ಮೇಲೆಲ್ಲ ತೆಂಗಿನಕಾಯಿ, ಹೂವು, ಊದುಕಡ್ಡಿ. ಅಕ್ಕ ಪಕ್ಕದ ಹೆಂಗಸನ್ನು ತಮಿಳಿನಲ್ಲಿ ಮಾತಾಡಿಸಿದಳು. ಲೊಕ್ಕನಹಳ್ಳಿಯ ಕಡೆಯವರಿಗೆ ಅರ್ಧ ಮಾತು ತಮಿಳೇ, ನನಗಿಂತ ಅವಳಿಗೆ ಚೆನ್ನಾಗಿ ಬರುತ್ತದೆ.

"ಇದು ಸಮುದ್ರಕ್ಕೋಗೋ ಬಸ್ಸಲ್ಲ ಕಣ್ಲಾ," ಎಂದಳು ನನ್ನ ಕಡೆ ತಿರುಗಿ. "ಕತರಗಾಮಕ್ಕಂತೆ. ಅದೇ, ಆ ಮೇಷ್ಟ್ರು ಮನೆ ದೇವ್ರು."

ಇಳಿದು ವಾಪಸ್ ಹೋಗೋಣವೇ ಎಂದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಓಗ್ಲಿ ಬುಡು. ಟಿಕೀಟು ಕೊಟ್ಟಾಗದೆ," ಎಂದಳು.

ಕತರಗಾಮ

ಕತರಗಾಮ ನಮ್ಮ ಬೆಟ್ಟದ ಹಾಗೆ ಎತ್ತರದಲ್ಲಿಲ್ಲ. ಕಾಡಿನಂಚಿನ ಬಯಲು. ಗುಡಿಗೆ ಹೋಗುವವರು ಮೊದಲು ಮಾಣಿಕ್ಯಗಂಗೆ ಎಂಬ ಹೊಳೆಯಲ್ಲಿ ಮಿಂದು ಸೇತುವೆ ದಾಟುತ್ತಾರೆ. ಬೌದ್ಧರೂ ಬರುತ್ತಾರೆ, ತಮಿಳರೂ ಬರುತ್ತಾರೆ, ಅಂಗಳದ ಒಂದು ಪಕ್ಕದಲ್ಲಿ ಮಸೀದಿಯೂ ಇದೆ. ಈ ದೇವರು ಬೇಡರ ಹುಡುಗಿ ವಳ್ಳಿಯನ್ನು ಮೆಚ್ಚಿ ಇಲ್ಲಿಗೆ ಬಂದು ನೆಲೆಸಿದನಂತೆ. ನಮ್ಮ ಯಳಂದೂರಿನ ಕಡೆ ಬಿಳಿಗಿರಿರಂಗ ಸೋಲಿಗರ ಹುಡುಗಿಯನ್ನು ಮದುವೆಯಾದ ಕಥೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಸೇತುವೆಯ ಈಚೆ ಹಣ್ಣಿನ ತಟ್ಟೆ ಮಾರುವ ಅಂಗಡಿಗಳು. ಅನಾನಸ್, ಕಲ್ಲಂಗಡಿ, ಬಾಳೆ, ತೆಂಗು ಎಲ್ಲವನ್ನೂ ಗೋಪುರದ ಹಾಗೆ ಜೋಡಿಸಿ ಕೆಂಪು ಹಾರ ಹಾಕಿರುತ್ತಾರೆ. ಸೆಲ್ವಿ ಎಂಬ ತಮಿಳು ಹೆಂಗಸು ನಮ್ಮನ್ನು ಕೂಗಿ ಕರೆದಳು. ಒಳಗೆ ವಿಗ್ರಹ ಹೇಗಿದೆ ಎಂದು ಕೇಳಿದೆ.

"ಯಾರಿಗೆ ಗೊತ್ತು? ಬಾಗಿಲ ತುಂಬ ಪರದೆ. ಪೂಜಾರಿ ಒಬ್ಬರೇ ಒಳಗೆ ಹೋಗ್ತಾರೆ, ಅವರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು," ಎಂದಳು.

ನನಗೆ ಕುತೂಹಲ ಕೆರಳಿತು. ಅಕ್ಕನನ್ನು ಬಾ ಎಂದೆ. ಅವಳು ಸೇತುವೆಯ ಬುಡಕ್ಕೆ ಬಂದವಳು ಅಲ್ಲೇ ನಿಂತಳು. ಒಂದು ಕೈಯಲ್ಲಿ ಅದರ ಕಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದಳು.

"ನೀ ಓಗು. ನಾನು ಇಲ್ಲೇ ಇರ್ತೀನಿ."

"ನೋಡೋಕೇನು ಅಕ್ಕ? ನಂಬಿಕೆ ಇಲ್ಲದಿದ್ದರೆ ಬಿಡು, ನಾನೂ ಸುಮ್ಮನೆ ನೋಡೋಕೆ ತಾನೇ ಹೋಗ್ತಿರೋದು."

ಅವಳು ನನ್ನನ್ನು ದಿಟ್ಟಿಸಿದಳು. "ನಂಬ್ಕೆ ಇಲ್ಲ ಅಂತ ನಿಂಗ್ಯಾರು ಏಳ್ದೋರು? ಅದು ಇರೋದ್ರಿಂದ್ಲೇ ಕಣಪ್ಪ ಕಾಲು ಬರ್ತಿಲ್ಲ."

ಹೊಳೆಯ ದಡದಲ್ಲಿ ಮತ್ತಿಮರದ ಬೇರಿನ ಮೇಲೆ ಕೂತೆವು. ನೀರಿನಲ್ಲಿ ಹೆಂಗಸರು, ಗಂಡಸರು, ಅಜ್ಜಂದಿರು ಬಟ್ಟೆಯ ಸಮೇತ ಮುಳುಗಿ ಏಳುತ್ತಿದ್ದರು. ಅಕ್ಕ ನಿಧಾನವಾಗಿ ಹೇಳಿದಳು. ಹೋದ ಶಿವರಾತ್ರಿಗೂ ನಡೆದೇ ಬರುತ್ತೇನೆಂದು ಹರಕೆ ಹೊತ್ತಿದ್ದಳು. ಹನೂರು ದಾಟುವಷ್ಟರಲ್ಲಿ ಮಂಡಿ ಊದಿಕೊಂಡಿತು. ಭಾವನೇ ಬಲವಂತ ಮಾಡಿ ಬಸ್ಸು ಹತ್ತಿಸಿದರು. ಅದಾಗಿ ಕೆಲವು ತಿಂಗಳಿಗೆ ಜೋಳದ ಹೊಲದಲ್ಲಿ ಹಾಗಾಯಿತು.

"ಮಾತ್ಗೆ ತಪ್ಪಿದೋಳು ನಾನು. ಓಗಿದ್ದು ಅವ್ರು. ಯಾವ ಮುಖ ಒತ್ಕಂಡು ಅವನ ಮುಂದೆ ನಿಂತ್ಕಳ್ಲಿ? ಅದಕ್ಕೇ ಅವನಿಲ್ಲದ ಕಡೆಗೆ ಓಗವ ಅಂದಿದ್ದು. ಇಲ್ನೋಡಿದ್ರೆ ಇಲ್ಲೂ ಒಬ್ಬ ಕೂತವ್ನೆ."

ತಿಂಗಳುಗಟ್ಟಲೆ ನಾನು ಅವಳ ಮೌನವನ್ನು ನಾಸ್ತಿಕತೆ ಎಂದುಕೊಂಡಿದ್ದೆ. ಅದು ಹೆದರಿಕೆಯಾಗಿತ್ತು. ನನಗೆ ಬರುವುದು ಒಂದೇ ವಿದ್ಯೆ, ಅದನ್ನೇ ಹೊರತೆಗೆದೆ.

"ಅಕ್ಕ, ಒಂದು ಕೇಳ್ತೀನಿ. ಆ ಸಲ ಬಸ್ಸಲ್ಲಿ ಹೋದವಳು ನೀನೊಬ್ಬಳೇನಾ?"

"ಬಸ್ಸು ತುಂಬ ಜನ ಇದ್ರು."

"ಅವರ ಮನೆಯವರ ಮೇಲೆಲ್ಲ ಆನೆ ಬಂತಾ?"

ಅವಳು ಬೇರಿನ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆದಳು.

"ನಿಮ್ಮ ಪಕ್ಕದ ಹೊಲದ ಚೆನ್ನಪ್ಪ ಪ್ರತಿ ವರ್ಷ ನಡೆದೇ ಹೋಗ್ತಾನೆ. ಅವನ ಜೋಳ ಆನೆ ಬಿಟ್ಟಿತಾ?"

"ಅವಂದೇ ಮೊದ್ಲು ತುಳಿದಿದ್ದು."

"ನಡೆದವರಿಗೂ ಆಗಿದೆ, ನಡೆಯದವರಿಗೆ ಆಗದೆಯೂ ಇದೆ. ಹಾಗಿದ್ದಾಗ ಇದರಿಂದಲೇ ಅದಾಯಿತು ಅನ್ನೋಕೆ ಬರಲ್ಲ ಅಕ್ಕ. ಕಾಡಂಚಲ್ಲಿ ಜೋಳ ಬೆಳೆದಿತ್ತು, ಆನೆಗೆ ಹಸಿವಾಗಿತ್ತು. ಅಷ್ಟೇ ಆದದ್ದು. ಭಾವ ನಿನ್ನ ಬಸ್ಸು ಹತ್ತಿಸಿದ್ದು ನಿನ್ನ ಕಾಲು ನೋಯ್ತಿದ್ದಕ್ಕೆ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾಠ ನಾಟಿತು ಎಂದು ನಾನು ಅಂದುಕೊಳ್ಳುತ್ತಿರುವಾಗ ಅವಳು ತಲೆಯೆತ್ತಿದಳು.

"ಅಂಗಾರೆ ನಾನು ನಡ್ದ ವರ್ಷಗಳಲ್ಲಿ ಅವ್ರು ಚೆಂದಾಗಿದ್ರಲ್ಲ, ಅದೂ ಮಾದಪ್ಪ ಮಾಡಿದ್ದಲ್ಲ ಅನ್ನು."

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿರಬೇಕಿತ್ತು. ಅವಳ ತಪ್ಪನ್ನು ಕತ್ತರಿಸಿಹಾಕಿದ ಕತ್ತರಿ ಅಲ್ಲಿಗೇ ನಿಲ್ಲುವುದಿಲ್ಲ. ಆನೆಯನ್ನು ಕಳಿಸದ ದೇವರು ಆನೆಯನ್ನು ತಡೆದವನೂ ಆಗಲಾರ. ತರಗತಿಯಲ್ಲಾದರೆ ಇದನ್ನು ಎಷ್ಟು ಹುರುಪಿನಿಂದ ಹೇಳುತ್ತಿದ್ದೆ. ಇಲ್ಲಿ ಸುಳ್ಳು ಹೇಳಬಹುದಿತ್ತು. ಅವಳ ಮುಂದೆ ಸುಳ್ಳು ಬರಲಿಲ್ಲ.

"ನನಗೆ ತಿಳಿದ ಮಟ್ಟಿಗೆ, ಹೌದು ಅಕ್ಕ."

ಒಂದು ಕೋತಿ ಬಂದು ಯಾರದೋ ತಟ್ಟೆಯಿಂದ ಅನಾನಸನ್ನೇ ಹೊತ್ತುಕೊಂಡು ಮರ ಹತ್ತಿತು. ತಟ್ಟೆಯವರು ನಕ್ಕರು. ಅಕ್ಕನಿಗಿದ್ದ ಒಂದೇ ಆಸರೆಯನ್ನೂ ನಾನೇ ತಳ್ಳಿಬಿಟ್ಟೆನೇ ಎಂಬ ಅಳುಕು ನನ್ನನ್ನು ಹಿಡಿಯಿತು.

"ನೀ ಏಳೋದು ಸರಿನೇ ಇರ್ಬೋದು," ಎಂದಳು ಕೊನೆಗೆ. "ಅವನು ಒಡಿಯೋದೂ ಇಲ್ಲ, ಕಾಯೋದೂ ಇಲ್ಲ ಅಂತ್ಲೇ ಇಟ್ಕೊ. ಆದ್ರೂ ಅವನತ್ರ ಓಗಿ ನಿಂತ್ಕೋಬೇಕು ಅನ್ನಿಸ್ತದಲ್ಲ ನಂಗೆ. ಅದಕ್ಕೆ ಏನಂತಾರೆ ನಿಮ್ಮ ಪುಸ್ತಕದಲ್ಲಿ?"

"ಏನೇನೋ ಹೆಸರು ಇಟ್ಟಿದ್ದಾರೆ ಅಕ್ಕ. ಹೆಸರು ಇಟ್ಟವರಿಗೆಲ್ಲ ಗೊತ್ತಾಗಿದೆ ಅಂತ ನನಗೇನೂ ಅನ್ನಿಸಿಲ್ಲ."

ಅವಳು ಎದ್ದು ಸೀರೆಯ ನೆರಿಗೆ ಕೊಡವಿಕೊಂಡಳು. ಹೊಳೆಗೆ ಇಳಿದು ಕಾಲು, ಮುಖ ತೊಳೆದುಕೊಂಡಳು. ಸೆಲ್ವಿಯ ಬಳಿ ಒಂದು ಚಿಕ್ಕ ತಟ್ಟೆ ಕೊಂಡಳು. ಸೇತುವೆಯ ಮೇಲೆ ಅವಳು ಮುಂದೆ, ನಾನು ಹಿಂದೆ.

ಗುಡಿ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಒಳಗೆ ಸೆಕೆ, ಹೂವಿನ ವಾಸನೆ, ಕರ್ಪೂರದ ಹೊಗೆ. ಎದುರಿಗೆ ನವಿಲಿನ ಮೇಲೆ ಕೂತ ದೇವರನ್ನೂ ಅವನ ಇಬ್ಬರು ಹೆಂಡಿರನ್ನೂ ಬರೆದ ಬಣ್ಣದ ಪರದೆ. ಪೂಜಾರಿ ತಟ್ಟೆ ತೆಗೆದುಕೊಂಡು ಪರದೆಯ ಸಂದಿಯಲ್ಲಿ ಮರೆಯಾದ. ಬಟ್ಟೆ ಒಂದು ಸಲ ಅಲುಗಿತು. ನಾನು ಕತ್ತು ಚಾಚಿ ಇಣುಕಿದೆ, ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕದಲ್ಲಿ ಅಕ್ಕ ಕಣ್ಣು ಮುಚ್ಚಿರಲಿಲ್ಲ, ಇಣುಕಲೂ ಇಲ್ಲ. ಎರಡು ಕೈ ಜೋಡಿಸಿ ಪರದೆಯನ್ನೇ ನೋಡುತ್ತಿದ್ದಳು.

ತಟ್ಟೆ ಅರ್ಧ ಹಣ್ಣಿನೊಂದಿಗೆ ಮರಳಿ ಬಂತು. ಹೊರಗೆ ಬಂದು ಎಲ್ಲರೂ ಮಾಡುವಂತೆ ಅಕ್ಕನೂ ಹಣ್ಣನ್ನು ಹೋಗಿಬರುವವರಿಗೆ ಹಂಚಿದಳು.

"ಏನು ಬೇಡಿಕೊಂಡೆ?" ಎಂದೆ.

"ಏನೂ ಬೇಡ್ಕಳ್ನಿಲ್ಲ. ನಾನು ಮಾದೇವಮ್ಮ, ಲೊಕ್ಕನಳ್ಳಿಯೋಳು, ಬಂದಿವ್ನಿ ಅಂದೆ."

"ಇದು ಬೇರೆ ದೇವರಲ್ಲವಾ ಅಕ್ಕ?"

"ಪರದೆ ಎಳ್ದವ್ರೆ. ಒಳಗೆ ಯಾರವ್ರೆ ಅಂತ ನೀನೇನು ನೋಡಿ ಬಂದ್ಯಾ?"

ನಾನು ಪ್ರಸಾದದ ಬಾಳೆಹಣ್ಣು ಸುಲಿದು ತಿಂದೆ. ಮಧ್ಯಾಹ್ನ ಸರಿಯಾದ ಬಸ್ಸು ಹಿಡಿದು ಕಿರಿಂದಕ್ಕೆ ಹೋದೆವು. ಸಮುದ್ರ ಕಂಡಾಗ ಅಕ್ಕ ಬಂಡೆಯ ಮೇಲೆ ಕೂತು, ಭಾವನಿಗೆ ಈಜು ಬರುತ್ತಿರಲಿಲ್ಲ, ಮೊಣಕಾಲುದ್ದ ನೀರಿಗೂ ಹೆದರುತ್ತಿದ್ದರು ಎಂದು ನೆನೆದು ನಗುತ್ತ, ನಗುತ್ತಲೇ ಅತ್ತಳು.

ಕಾಮಗೆರೆ

ಊರಿಗೆ ಮರಳಿದ ಮೇಲೆ ಅಕ್ಕನನ್ನು ಹನೂರಿಗೆ ಬಿಡಲು ಕೊಳ್ಳೇಗಾಲದಲ್ಲಿ ಬೆಟ್ಟದ ಬಸ್ಸು ಹತ್ತಿದೆವು. ಪ್ರವಾಸ ಕೊಲಂಬೊ ನಿಲ್ದಾಣದಲ್ಲೇ ಮುಗಿಯಿತು ಎಂದು ನಾನು ಎಣಿಸಿದ್ದೆ. ಮುಗಿದಿರಲಿಲ್ಲ.

ನಮ್ಮ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ, ತಾಯಿಯಾಗಿ ಹೆಚ್ಚು ಕಾಲವಾದಂತಿರಲಿಲ್ಲ, ತೊಡೆಯ ಮೇಲೆ ಹೆಣ್ಣುಮಗು ಮಲಗಿಸಿಕೊಂಡಿದ್ದಳು. ಮಗು ಒಂದೇ ಸಮನೆ ಮುಲುಗುತ್ತಿತ್ತು. ಅಕ್ಕ ಬಾಗಿ ಅದರ ಹಣೆ ಮುಟ್ಟಿದಳು.

"ಕೆಂಡ ಆಗದಲ್ಲವ್ವ. ಎಷ್ಟು ದಿನ ಆಯ್ತು?"

"ನಾಕೈದು ದಿನ ಆಯ್ತು ಕಣಮ್ಮ. ಮುಡಿ ಕೊಡ್ತೀವಿ ಅಂತ ಅಂದ್ಕಂಡಿದ್ದೋ. ಆಗ್ಲಿಲ್ಲ. ಅದ್ಕೇ ಮಾದಪ್ಪ ಮುನ್ಸ್ಕಂಡವ್ನೆ ಅಂತ ನಮ್ಮತ್ತೆ ಅಂದ್ರು. ಮೊದ್ಲು ಮುಡಿ ಕೊಟ್ಬುಟ್ಟು ಆಮೇಲೆ ಡಾಕುಟ್ರಿಗೆ ತೋರ್ಸವ ಅಂತ ಒಂಟಿವ್ನಿ."

ಅಕ್ಕನ ಮುಖವನ್ನು ನಾನು ಪಕ್ಕದಿಂದ ನೋಡಿದೆ.

"ಕೂದ್ಲಿಗೆ ಮಗೀನ ಮೇಲೆ ಮುನ್ಸ್ಕೊಳ್ಳೋನಲ್ಲ ಕಣವ್ವ ಅವನು. ಮುಂದೆ ಕಾಮಗೆರೆ ಬತ್ತದೆ, ಅಲ್ಲಿ ಆಸ್ಪತ್ರೆ ಅದೆ. ಇಳಿ."

"ನಿಮ್ಗೆ ನಂಬ್ಕೆ ಇಲ್ವಾಮ್ಮ?" ಹುಡುಗಿಯ ದನಿಯಲ್ಲಿ ಭಯವಿತ್ತು.

"ಅದೆ. ಬೆಟ್ಟಕ್ಕೆ ನಾನೂ ನಿನ್ ಜೊತೆ ಬತ್ತೀನಿ. ಮಗೀಗೆ ಆರಾಮಾಗ್ಲಿ ಮೊದ್ಲು."

ಕಾಮಗೆರೆಯಲ್ಲಿ ಬಸ್ಸು ನಿಂತಾಗ ಹುಡುಗಿ ಇನ್ನೂ ಅನುಮಾನಿಸುತ್ತಿದ್ದಳು. ಅಕ್ಕ ಮಗುವನ್ನು ಎತ್ತಿಕೊಂಡು ಇಳಿದೇಬಿಟ್ಟಳು. ತಾಯಿ ಹಿಂದೆಯೇ ಇಳಿದಳು. ಸೂಟ್‌ಕೇಸು, ಬ್ಯಾಗು, ತಿಸ್ಸದ ಖಾಲಿ ಮೊಸರಿನ ಕುಡಿಕೆ ಎಲ್ಲ ಹೊತ್ತು ನಾನೂ ಇಳಿದೆ.

ಆಸ್ಪತ್ರೆಯಲ್ಲಿ ಮಗುವಿಗೆ ಡ್ರಿಪ್ ಹಾಕಿದರು. ಮೊದಲು ಅತ್ತ ಮಗು ಸಂಜೆ ಹೊತ್ತಿಗೆ ಜ್ವರ ಇಳಿದು ನಿದ್ದೆ ಹೋಯಿತು. ಅಕ್ಕ ಬೆಂಚಿನ ಮೇಲೆ ಹುಡುಗಿಯ ಪಕ್ಕ ಕೂತಿದ್ದಳು, ತುಟಿ ಮೆಲ್ಲಗೆ ಆಡುತ್ತಿತ್ತು. ಅಲ್ಲೇ ಉಳಿಯುವೆನೆಂದವಳು, ನಾನು ಹೊರಡುವಾಗ ಬಾಗಿಲವರೆಗೆ ಬಿಡಲು ಬಂದಳು.

"ಶೋಭಂಗೆ ಏಳು. ಮಗೀಗೆ ವಾಸಿಯಾದ್ಮೇಲೆ ಈ ಉಡ್ಗಿ ಕರ್ಕಂಡು ಬೆಟ್ಟಕ್ಕೋಗ್ ಬತ್ತೀನಿ."

"ನಡೆದುಕೊಂಡಾ?" ಎಂದೆ.

ಅಕ್ಕ ನನ್ನನ್ನು ನೋಡಿದಳು. "ಮಂಡಿ ನೋಯ್ತದೆ ಕಣ್ಲಾ. ಬಸ್ಸಲ್ಲೇ ಓಯ್ತೀವಿ," ಎಂದಳು.